ಹೊತ್ತು ಬಲ್ಲ ಹಾಡು: ‘ಗರತಿಯ ಹಾಡ’ನ್ನು ಮರಳಿ ಓದಿದಾಗ

ಹೋಳಿ ಹುಣ್ಣಿಮೆ ಕಳೆದು ಯುಗಾದಿ ಇನ್ನೂ ಬಾರದ ಹದಿನೈದು ದಿನಗಳು ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ವರ್ಷದ ಅತ್ಯಂತ ಹಿತವಾದ ದಿನಗಳು. ಹಿಂಗಾರಿ ಜೋಳದ ರಾಶಿ ಮುಗಿದು ಕಾಳು ಮನೆ ಸೇರಿರುತ್ತದೆ. ಬೇವು ಚಿಗುರುತ್ತದೆ. ಮಧ್ಯಾಹ್ನದ ಬಿಸಿಲು ಸುಡತೊಡಗಿದರೂ ಬೆಳಗಿನ ಜಾವದ ತಂಪು ಇನ್ನೂ ಉಳಿದಿರುತ್ತದೆ. ಹೊಸ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಊಟಕ್ಕೆ ಈಗಿರುವ ರುಚಿ ಬೇರೆ ಕಾಲದಲ್ಲಿ ಇರುವುದಿಲ್ಲ. ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಹಳೆಯ ಸೀರೆ, ಧೋತರಗಳನ್ನು ಹರವಿ ಕೌದಿ ಹೊಲಿಯಲು ಕೂಡುವ ಕಾಲವೂ ಇದೇ. ಮರಾಠಿಯ ನೆರೆಹೊರೆಯವರು ‘ಗೋಧಡಿ’ ಎನ್ನುವುದನ್ನು ನಮ್ಮ ಮನೆಗಳಲ್ಲಿ ಇನ್ನೂ ‘ಕೌದಿ’ ಎಂದೇ ಕರೆಯುತ್ತೇವೆ.

ಕಳೆದ ವರ್ಷ ಇಂಥದೇ ಒಂದು ಮಧ್ಯಾಹ್ನ ನನ್ನ ಧರ್ಮಪತ್ನಿ ಕೌದಿಯ ಮುಂದೆ ಕುಳಿತಿದ್ದರು. ಅವರ ಎದುರಿಗೆ ಕುರ್ಚಿ ಹಾಕಿಕೊಂಡು ನಾನು ‘ಗರತಿಯ ಹಾಡು’ ಪುಸ್ತಕವನ್ನು ತೆರೆದಿದ್ದೆ. ಶಿಕ್ಷಕನಾಗಿ, ಮುಂದೆ ಮುಖ್ಯಾಧ್ಯಾಪಕನಾಗಿ, ಮೂವತ್ತಕ್ಕೂ ಹೆಚ್ಚು ವರ್ಷ ಈ ಹಾಡುಗಳನ್ನು ಮಕ್ಕಳಿಗೆ ಓದಿ ಹೇಳಿದವನು ನಾನು. ಆದರೂ ಈ ಪುಸ್ತಕವನ್ನು ತಪ್ಪಾಗಿ ಓದುತ್ತ ಬಂದಿದ್ದೆನೆಂಬ ಅರಿವು ಎಪ್ಪತ್ತು ದಾಟಿದ ಮೇಲೆ ಮೂಡಿತು. ಆ ತಪ್ಪನ್ನು ಒಪ್ಪಿಕೊಂಡು, ಮನೆಗೆಲಸವನ್ನು ಕುರಿತ ನಮ್ಮ ಸಾಹಿತ್ಯವನ್ನು ಯಾವ ಅಳತೆಯಿಂದ ನೋಡಬೇಕೆಂಬುದನ್ನು ಸಂಘದ ಬಂಧುಗಳೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಅದನ್ನು ಕಟ್ಟಿಕೊಟ್ಟವರು ಹಲಸಂಗಿಯ ಗೆಳೆಯರು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರ ಬಳಗ. ಹಲಸಂಗಿ ಇರುವುದು ಭೀಮಾ ತೀರದ ಸೀಮೆಯಲ್ಲಿ, ಸೊಲ್ಲಾಪುರಕ್ಕೂ ವಿಜಯಪುರಕ್ಕೂ ನಡುವೆ. ಅಲ್ಲಿನ ಜೋಳ, ಅಲ್ಲಿನ ಬೀಸುವ ಕಲ್ಲು, ಅಲ್ಲಿನ ಕನ್ನಡ ನಮ್ಮವೇ. ರಾಜ್ಯದ ಗಡಿ ನಡುವೆ ಬಂದಿತೆಂದು ಹಾಡು ಎರಡಾಗಲಿಲ್ಲ. ಆದ್ದರಿಂದ ಈ ಪುಸ್ತಕವನ್ನು ಓದುವಾಗ ಪರಸ್ಥಳದ ಸಾಹಿತ್ಯ ಓದಿದಂತಾಗದೆ ನಮ್ಮ ಮನೆಯ ಗಂಟನ್ನೇ ಬಿಚ್ಚಿ ನೋಡಿದಂತಾಗುತ್ತದೆ.

ಹಿಂದೊಮ್ಮೆ ಇಂಥದೇ ಒಂದು ಸ್ಮರಣ ಸಂಚಿಕೆಗೆ ನಾನು ಈ ಹಾಡುಗಳ ಮೇಲೆ ಲೇಖನ ಬರೆದಿದ್ದೆ. ತವರಿನ ಹಂಬಲ, ಅಣ್ಣತಮ್ಮಂದಿರ ಪ್ರೀತಿ, ಕೂಸಿನ ಮುದ್ದು, ದೈವಭಕ್ತಿ ಎಂದು ವಿಭಾಗ ಮಾಡಿ, ‘ಸರಳ’, ‘ಮುಗ್ಧ’, ‘ಸಹಜ’ ಎಂಬ ವಿಶೇಷಣಗಳನ್ನು ಧಾರಾಳವಾಗಿ ಹಂಚಿದ್ದೆ. ಬಿ.ಎ. ತರಗತಿಯಲ್ಲಿ ನಾನು ಕಲಿತ ಕ್ರಮವೇ ಅದು. ಹಾಡಿನಲ್ಲಿ ಏನಿದೆ ಎಂದು ಹುಡುಕಿದೆನೇ ಹೊರತು, ಹಾಡುವಾಗ ಹಾಡುವವಳು ಏನು ಮಾಡುತ್ತಿದ್ದಳು ಎಂದು ಕೇಳಲಿಲ್ಲ.

ಅದನ್ನು ಕೇಳುವಂತೆ ಮಾಡಿದವರು ನಾನು ಕೆಲಸ ಮಾಡಿದ ಹಳ್ಳಿಯ ಒಬ್ಬ ಆಯಿ, ನನ್ನ ವಿದ್ಯಾರ್ಥಿಯೊಬ್ಬನ ಅಜ್ಜಿ. ಅವರಿಗೆ ಬೀಸುವ ಪದಗಳು ಬರುತ್ತವೆಂದು ಕೇಳಿ, ಬರೆದುಕೊಳ್ಳಲು ವಹಿ ಹಿಡಿದು ಹೋಗಿದ್ದೆ. ಅವರು ಒಂದು ನುಡಿ ಹೇಳಿ ನಿಂತುಬಿಟ್ಟರು. ಎಷ್ಟು ಪ್ರಯತ್ನಿಸಿದರೂ ಮುಂದಿನದು ಬರಲೊಲ್ಲದು. ಬೀಸುವ ಕಲ್ಲಿನ ಒಂದು ಹೋಳು ಹಿತ್ತಿಲ ಬಾಗಿಲಿಗೆ ಮೆಟ್ಟಿಲಾಗಿತ್ತು. ಕೊನೆಗೆ ಆಯಿ ಒಂದು ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಮುಷ್ಟಿ ಇಟ್ಟು ಸುತ್ತಲೂ ಕೈಯಾಡಿಸತೊಡಗಿದರು. ಕೈ ತಿರುಗಿದಂತೆ ನುಡಿ ಒಂದರ ಹಿಂದೊಂದು ಬಂದವು.

“ಮಾಸ್ತರ, ನೀವು ಕೂತು ಓದತೀರಿ. ಇದು ಕೂತು ಓದೂ ಹಾಡಲ್ಲ, ಬೀಸೂ ಹಾಡ. ಕೈ ತಿರಗಲಿಕ್ಕರ ನನಗ ನುಡಿ ನೆನಪಾಗೂದಿಲ್ಲ” ಎಂದರು.

ಅಂದು ನಾನು ನಕ್ಕು, ನುಡಿಗಳನ್ನಷ್ಟೇ ಬರೆದುಕೊಂಡು ಬಂದೆ. ಆ ಮಾತು ಇಡೀ ವಿಮರ್ಶೆಯ ಬೀಗದ ಕೈ ಎಂದು ತಿಳಿಯಲು ಬಹಳ ವರ್ಷ ಬೇಕಾದವು.

ಬೀಸುವ ಪದದ ಛಂದಸ್ಸು ತ್ರಿಪದಿ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ಇದೇ ತ್ರಿಪದಿ ಇದೆ, ಸರ್ವಜ್ಞನದೂ ಇದೇ. ಪುಸ್ತಕದಲ್ಲಿ ಅದು ಮೂರು ಸಾಲು. ಆದರೆ ಹಾಡುವಾಗ ಹೆಣ್ಣುಮಕ್ಕಳು ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿ ಹೇಳಿ, ಆಮೇಲೆ ಮೂರನೆಯ ಸಾಲಿಗೆ ಇಳಿಯುತ್ತಾರೆ. ಮೂರು ಸಾಲು ಹಾಡಿನಲ್ಲಿ ನಾಲ್ಕಾಗುತ್ತದೆ. ತರಗತಿಯಲ್ಲಿ ನಾನು ಇದನ್ನು ‘ಪುನರಾವೃತ್ತಿ, ಮಾಧುರ್ಯಕ್ಕಾಗಿ’ ಎಂದು ವಿವರಿಸುತ್ತಿದ್ದೆ. ಆಯಿಯ ಕೈಯನ್ನು ನೆನೆದು ನೋಡಿದರೆ ಬೇರೆಯೇ ಅರ್ಥ ತೋರುತ್ತದೆ. ಒಂದು ಕೈ ಗೂಟ ಹಿಡಿದು ಕಲ್ಲನ್ನು ತಿರುಗಿಸುತ್ತಿರುವಾಗ ಇನ್ನೊಂದು ಕೈ ಹಿಡಿಕಾಳು ತೆಗೆದು ಕಲ್ಲಿನ ಬಾಯಿಗೆ ಹಾಕಬೇಕು. ಉಸಿರು ತಿರುಗಬೇಕು. ಮುಂದಿನ ಸಾಲು ಮನಸ್ಸಿನಲ್ಲಿ ಕೂಡಿಬರಬೇಕು. ಮತ್ತೆ ಹೇಳಿದ ಸಾಲು ಅದಕ್ಕೆಲ್ಲ ಹೊತ್ತು ಒದಗಿಸುತ್ತದೆ. ಎದುರಿಗೆ ಇನ್ನೊಬ್ಬಳು ಕುಳಿತು ಬೀಸುತ್ತಿದ್ದರೆ ಆ ಸಾಲಿಗೆ ಅವಳ ದನಿಯೂ ಸೇರಬಹುದು. ಇದು ನನ್ನ ಊಹೆ. ಆದರೆ ಕೆಲಸವನ್ನು ನೋಡಿ ಮಾಡಿದ ಊಹೆ. ‘ಮಾಧುರ್ಯಕ್ಕಾಗಿ’ ಎಂದದ್ದು ಕೆಲಸವನ್ನು ನೋಡದೆ ಹೇಳಿದ ಮಾತು.

ಇನ್ನೊಂದು ಪ್ರಶ್ನೆ. ದಿನದಿನವೂ ನಸುಕಿನಲ್ಲಿಯೇ ಎದ್ದು ಬೀಸುವುದೇಕೆ? ವಾರಕ್ಕಾಗುವಷ್ಟು ಒಮ್ಮೆಲೇ ಬೀಸಿಡಬಹುದಿತ್ತಲ್ಲ? ಇದರ ಉತ್ತರ ಜೋಳದಲ್ಲಿದೆ. ಗೋದಿಹಿಟ್ಟಿಗೆ ತನ್ನದೇ ಅಂಟು ಇದೆ, ಜೋಳದ ಹಿಟ್ಟಿಗೆ ಅದಿಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಬರುವ ಜಿಗಿಯೇ ಅದಕ್ಕೆ ಆಧಾರ. ಹಿಟ್ಟು ಹಳತಾದಂತೆ ಆ ಜಿಗಿ ಕಡಿಮೆಯಾಗಿ, ಬಡಿಯುವಾಗ ರೊಟ್ಟಿಯ ಅಂಚು ಒಡೆಯುತ್ತದೆ. ಆದ್ದರಿಂದ ಹಿಟ್ಟು ಹೊಸದಾಗಿರಬೇಕು. ಹೊಲಕ್ಕೆ ಹೋಗುವವರ ಬುತ್ತಿ ಬೆಳಗಾಗುವುದರೊಳಗೆ ಸಿದ್ಧವಾಗಬೇಕು. ಹೀಗಾಗಿ ನಸುಕಿನ ಜಾವ, ಕತ್ತಲೆಯ ಅಡುಗೆಮನೆ, ಮನೆಯವರೆಲ್ಲ ಮಲಗಿರುವ ಸಮಯ. ಗರತಿಗೆ ತನ್ನ ಮಾತು ತಾನಾಡಿಕೊಳ್ಳಲು ಸಿಕ್ಕ ಹೊತ್ತು ಅದೊಂದೇ. ಅತ್ತೆಯ ಎದುರು ಆಡಲಾಗದ್ದು, ಗಂಡನಿಗೆ ಹೇಳಲಾಗದ್ದು, ತವರಿಗೆ ಕಳಿಸಲಾಗದ್ದು ಎಲ್ಲವೂ ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಾಗಿ ಹೊರಬರುತ್ತಿದ್ದವು. ಕಲ್ಲನ್ನೇ ಒಂದು ಜೀವವೆಂಬಂತೆ ಕರೆದು ಮಾತನಾಡಿಸುವ ರೂಢಿ ಈ ಪದಗಳಲ್ಲಿ ಇದೆಯಷ್ಟೆ. ಆ ಹೊತ್ತಿನಲ್ಲಿ ಎಚ್ಚರವಿದ್ದು ಕೇಳುತ್ತಿದ್ದುದು ಅದೊಂದೇ ಎಂದು ನೆನೆದರೆ ಅದು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

ಇದರಿಂದ ನನಗೆ ದೊರೆತ ಅಳತೆಗೋಲು ಒಂದೇ: ‘ಹೊತ್ತು’. ಮನೆಗೆಲಸವನ್ನು ಕುರಿತ ಬರಹ ಆ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂಬುದನ್ನು ಬಲ್ಲುದೆ? ಆ ಹೊತ್ತನ್ನು ಯಾರು ಕೊಟ್ಟರು, ಯಾರು ಉಂಡರು ಎಂಬುದು ಅದರಲ್ಲಿ ಕಾಣುವುದೆ? ಊಟ, ಉಡುಗೆ, ಓದು ಇವುಗಳ ಸುಖವನ್ನು ಹೇಳುವ ಬರಹ ನಮ್ಮಲ್ಲಿ ಬೇಕಾದಷ್ಟಿದೆ. ಸುಖ ಹೇಳುವುದು ತಪ್ಪಲ್ಲ. ಆದರೆ ಮಾಡಿದವರ ಹೊತ್ತನ್ನು ಮರೆತು ಹೇಳಿದ ಸುಖ ಅರ್ಧ ಸತ್ಯ.

ಈ ಅಳತೆಯನ್ನು ಹಿಡಿದು ಹಳೆಯ ಗ್ರಂಥಗಳ ಕಡೆಗೆ ಹೋಗೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಅನ್ನಭೋಗ’ ಎಂಬ ಭಾಗವಿದೆ. ಆ ಕಾಲದ ಭಕ್ಷ್ಯಭೋಜ್ಯಗಳನ್ನು ತಿಳಿಯಲು ಅದಕ್ಕಿಂತ ದೊಡ್ಡ ಆಕರ ನಮ್ಮ ನಾಡಿಗಿಲ್ಲ ಎಂದರೂ ಸಲ್ಲುತ್ತದೆ. ಆದರೆ ಹೆಸರೇ ಹೇಳುವಂತೆ ಅದು ಭೋಗ, ಅರಸನು ಅನುಭವಿಸಬೇಕಾದ ಸುಖಗಳಲ್ಲಿ ಒಂದು. ಅಡುಗೆಯ ವಿಧಾನವೆಲ್ಲ ಅಲ್ಲಿದ್ದರೂ ಬರೆದವನ ಪೀಠ ಮಾತ್ರ ಉಣ್ಣುವವನದು.

ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ, ಅದೂ ವಾರ್ಧಕ ಷಟ್ಪದಿಯಲ್ಲಿ, ‘ಸೂಪಶಾಸ್ತ್ರ’ ಬರೆದನು. ಇವನೂ ಆಳುವ ಮನೆತನದವನೇ. ಆದರೂ ಹಿಟ್ಟಿನ ತಿನಿಸುಗಳು, ಪಾನಕಗಳು, ಬದನೆ, ಹಲಸು, ಬಾಳೆಯ ಅಡುಗೆಗಳು ಇವನ್ನೆಲ್ಲ ಹೇಳುವಾಗ ಇವನ ಕಣ್ಣು ಒಲೆಯ ಹತ್ತಿರಕ್ಕೆ ಬಂದಿದೆ. ಅರೆಯುವುದು, ಕಲಸುವುದು, ಹುರಿಯುವುದು ಎಂಬ ಕ್ರಿಯಾಪದಗಳು ಷಟ್ಪದಿಯ ಲಯದಲ್ಲಿ ಸೇರಿಕೊಂಡಿರುವುದು ಸಾಮಾನ್ಯ ಸಾಧನೆಯಲ್ಲ. ಅಡುಗೆಯೂ ಕಾವ್ಯಕ್ಕೆ ವಸ್ತುವಾಗಬಲ್ಲದೆಂದು ಐದು ನೂರು ವರ್ಷಗಳ ಹಿಂದೆಯೇ ಒಪ್ಪಿದವನು ಅವನು. ಆದರೆ ಅವನಲ್ಲಿಯೂ ಕೈ ಇದೆ, ಕೈಯ ಒಡತಿ ಇಲ್ಲ. ಕೆಲಸ ಇದೆ, ದಣಿವು ಇಲ್ಲ.

ಒಡತಿಯ ದನಿ ಕೇಳಬೇಕಾದರೆ ವಚನಗಳಿಗೇ ಬರಬೇಕು. ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಆ ಮಣ್ಣಿನ ನೆರೆಯಲ್ಲಿ ಬೆಳೆದ ನಮಗೆ ವಚನ ಮನೆಯ ಮಾತು. ಕದಿರ ರೆಮ್ಮವ್ವೆ ರಾಟಿ ತಿರುಗಿಸಿ ನೂಲು ತೆಗೆಯುವ ಕಾಯಕದವಳು. ಅವಳ ಒಂದು ವಚನದಲ್ಲಿ ರಾಟಿಯ ಅಡಿಯ ಹಲಗೆ ಬ್ರಹ್ಮನಾಗುತ್ತದೆ. ಇನ್ನೆರಡು ಭಾಗಗಳು ವಿಷ್ಣು, ರುದ್ರರಾಗುತ್ತವೆ. ಅರಿವು ಕದಿರಾಗುತ್ತದೆ. ಇಷ್ಟನ್ನು ನಾವೆಲ್ಲರೂ ಪಾಠ ಮಾಡಿದ್ದೇವೆ. ಆದರೆ ವಚನ ಅಲ್ಲಿಗೆ ಮುಗಿಯುವುದಿಲ್ಲ. ಕದಿರು ತುಂಬಿತು, ಇನ್ನು ತಿರುಗಿಸಲಾರೆ, ಗಂಡ ಹೊಡೆದಾನು ಎಂಬ ಮಾತು ಕೊನೆಗೆ ಬರುತ್ತದೆ. ಇದಕ್ಕೆ ಪಾರಮಾರ್ಥಿಕ ಅರ್ಥವನ್ನು ಹಿರಿಯರು ಹೇಳಿದ್ದಾರೆ, ಅದು ಇರಲಿ. ತ್ರಿಮೂರ್ತಿಗಳನ್ನು ರಾಟಿಯಲ್ಲಿ ಕೂಡಿಸಿದ ಉಸಿರಿನಲ್ಲಿಯೇ ರಟ್ಟೆಯ ದಣಿವನ್ನೂ ಮನೆಯ ಅಂಜಿಕೆಯನ್ನೂ ಮರೆಯದೆ ಹೇಳಿದಳಲ್ಲ, ರಾಟಿ ತಿರುಗಿಸದವರಿಗೆ ಆ ಮಾತು ಹೊಳೆಯದು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ಹೀಗೆಯೇ ಓದಬಹುದು. ಗಂಡ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದವಳು ಅವಳು. ಅದು ನಿರ್ಲೋಭದ ದೊಡ್ಡ ಪಾಠ ನಿಜ. ಜೊತೆಗೆ, ಮಡಿಲಿನ ಅಕ್ಕಿ ನೋಡಿದ ಕೂಡಲೆ ಇದು ಇಂದಿನ ಅಳತೆಯದಲ್ಲ ಎಂದು ಗುರುತಿಸಿದ ಕಣ್ಣು ದಿನವೂ ಅಳೆದು ಅಡುಗೆ ಮಾಡುವವಳ ಕಣ್ಣು. ಅವಳ ನೀತಿ ಹುಟ್ಟಿದ್ದು ಅವಳ ಅಡುಗೆಮನೆಯಲ್ಲಿ.

ಹೊಸಗನ್ನಡದ ಕಾಲಕ್ಕೆ ಬಂದಾಗ ಮನೆಯ ಸುಖಕ್ಕೆ ಸಾಹಿತ್ಯದಲ್ಲಿ ದೊಡ್ಡ ಮರ್ಯಾದೆ ದೊರೆಯಿತು. 1942ರಲ್ಲಿ ಬಂದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಗಂಡಹೆಂಡಿರ ದಿನನಿತ್ಯದ ಒಲವನ್ನು ಕಾವ್ಯದ ನಡುಮನೆಗೆ ತಂದಿತು. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿ ಬಂದು, ಬಿಡುವಿನ ಸುಖವನ್ನು ಸವಿಯುವ ಲಲಿತ ಪ್ರಬಂಧಕ್ಕೆ ಒಂದು ಮಾದರಿಯಾಯಿತು. ಎರಡನ್ನೂ ನಾನು ಪ್ರೀತಿಸಿ ಓದಿದವನು, ಇಂದಿಗೂ ಓದುವವನು. ಆದರೂ ನನ್ನ ಅಳತೆಗೋಲನ್ನು ಪ್ರೀತಿಯ ಪುಸ್ತಕಗಳ ಎದುರು ಬಚ್ಚಿಡುವುದು ನ್ಯಾಯವಲ್ಲ. ಆ ಕವನಗಳಲ್ಲಿ ಹೆಂಡತಿಯನ್ನು ನಾವು ಹೆಚ್ಚಾಗಿ ನೋಡುವುದು ಒಲಿದ ಗಂಡನ ಕಣ್ಣಿನಿಂದ. ಲಲಿತ ಪ್ರಬಂಧದ ಲೇಖಕನಿಗೆ ಹಗಲುಗನಸು ಕಾಣುವಷ್ಟು ಹಗಲು ಬಿಡುವಿದೆ. ಆ ಬಿಡುವಿನ ಹಿಂದೆ ಯಾರದೋ ದುಡಿಮೆ ಇದ್ದೇ ಇರುತ್ತದೆ. ಇದು ಆ ಲೇಖಕರ ಮೇಲಿನ ಆಕ್ಷೇಪವಲ್ಲ. ಅವರನ್ನು ಓದಿ, ಮೆಚ್ಚಿ, ಒಳಗಿನ ಸದ್ದಿಗೆ ಕಿವಿಗೊಡದೆ ಪುಟ ತಿರುವಿದ ನನ್ನಂಥ ಓದುಗನ ಮೇಲಿನದು.

ಕಿವಿಗೊಡುವ ವಿಮರ್ಶಕರು ನಮ್ಮ ಮನೆಯಲ್ಲಿಯೇ ಇದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ, ನಾವು ಆಗಷ್ಟೇ ಸಂಸಾರ ಹೂಡಿದ ಕಾಲದಲ್ಲಿ, ಚೈತ್ರದ ಮಧ್ಯಾಹ್ನಗಳಲ್ಲಿ ಓಣಿಯ ನಾಲ್ಕೈದು ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಒಂದು ದಿನ ಶಾವಿಗೆ, ಒಂದು ದಿನ ಹಪ್ಪಳ ಸಂಡಿಗೆ, ಉಳಿದ ದಿನ ಕೌದಿ. ಅವರಲ್ಲಿ ಓದು ಬಲ್ಲವಳು ನನ್ನ ಹೆಂಡತಿ ಒಬ್ಬಳೇ. ಅವಳು ಓದುವುದು, ಮಿಕ್ಕವರು ಹೊಲಿಯುತ್ತ ಕೇಳುವುದು. ಶಾಲೆಯ ಗ್ರಂಥಾಲಯದಿಂದ ನಾನು ತಂದ ತ್ರಿವೇಣಿಯವರ ಕಾದಂಬರಿಗಳನ್ನೆಲ್ಲ ಹೀಗೆ ಓದಿ ಮುಗಿಸಿದರು. ಒಮ್ಮೆ ಬೇರೆ ಯಾರದೋ ಒಂದು ಕಾದಂಬರಿ. ಅದರಲ್ಲಿ ಅನಿರೀಕ್ಷಿತವಾಗಿ ಅತಿಥಿಗಳು ಬರುತ್ತಾರೆ, ನಾಯಕಿ ನಗುನಗುತ್ತ ಒಳಗೆ ಹೋಗಿ, ಅವರ ಮಾತುಕತೆ ಮುಗಿಯುವುದರೊಳಗೆ ಹೋಳಿಗೆಯ ತಾಟು ಹಿಡಿದು ಹೊರಬರುತ್ತಾಳೆ. ಪಡಸಾಲೆಯಲ್ಲಿ ಸೂಜಿಗಳು ನಿಂತವು.

“ಬ್ಯಾಳಿ ಬೇಯಾಕ ಎಷ್ಟು ಹೊತ್ತ ಬೇಕವ್ವಾ? ಹೂರಣ ಯಾವಾಗ ರುಬ್ಬಿದಳು? ಕಣಕ ಯಾವಾಗ ನೆನೀತು?” ಎಂದಳು ಒಬ್ಬಳು. “ಇದನ್ನ ಬರದಾಂವ ಹೋಳಗಿ ತಿಂದಾನ, ಮಾಡೂದ ನೋಡಿಲ್ಲ” ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಮುಂದೆ ನಾಯಕಿಗೆ ಎಷ್ಟೇ ಕಷ್ಟ ಬಂದರೂ ಆ ಪಡಸಾಲೆಯಲ್ಲಿ ಯಾರ ಕಣ್ಣೂ ಒದ್ದೆಯಾಗಲಿಲ್ಲ. ಅವಳ ಮೇಲಿನ ನಂಬಿಕೆಯೇ ಹೋಗಿತ್ತು.

ನಾನು ಓದಿದ ಎಷ್ಟೋ ವಿಮರ್ಶಾ ಲೇಖನಗಳು ಅನೇಕ ಪುಟಗಳಲ್ಲಿ ಹೇಳಲಾರದ್ದನ್ನು ಆ ಎರಡು ಮಾತು ಹೇಳಿದವು. ಅಂದು ಒಳಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನಾನು ಅದನ್ನು ಕೇಳಿ ಹಾಸ್ಯವೆಂದು ಮರೆತೆ.

ವಾಸ್ತವವಾಗಿ ನಮ್ಮ ವಿಮರ್ಶೆಯ ಪರಿಭಾಷೆ ಅಡುಗೆಮನೆಗೆ ಹಳೆಯ ಸಾಲಗಾರ. ಅಲಂಕಾರಶಾಸ್ತ್ರ ‘ರಸ’ ಎಂದಿತು. ಕವಿತೆಯ ಪಕ್ವತೆಯನ್ನು ‘ದ್ರಾಕ್ಷಾಪಾಕ’, ‘ನಾರಿಕೇಳಪಾಕ’ ಎಂದು ವಿಂಗಡಿಸಿತು. ಅಚ್ಚಗನ್ನಡದ ‘ಹದ’ ಎಂಬ ಮಾತು ಬೆಲ್ಲದ ಪಾಕಕ್ಕೂ ಸಲ್ಲುತ್ತದೆ, ಬಿತ್ತುವ ಭೂಮಿಗೂ ಸಲ್ಲುತ್ತದೆ, ಪದ್ಯಕ್ಕೂ ಸಲ್ಲುತ್ತದೆ. ‘ಹೊಸೆ’ ಎಂಬ ಧಾತುವನ್ನು ನೋಡಿರಿ. ದೀಪದ ಬತ್ತಿಯನ್ನು ಹೊಸೆಯುತ್ತಾರೆ, ಶಾವಿಗೆ ಹೊಸೆಯುತ್ತಾರೆ, ಕವಿತೆಯನ್ನೂ ಹೊಸೆಯುತ್ತಾರೆ. ಹೂವು ಹೆಣೆದಂತೆ ಕಥೆಯನ್ನೂ ಹೆಣೆಯುತ್ತಾರೆ. ಬೆರಳಿನ ಕೆಲಸಕ್ಕೂ ನುಡಿಯ ಕೆಲಸಕ್ಕೂ ಕನ್ನಡವು ಬೇರೆ ಬೇರೆ ಕ್ರಿಯಾಪದ ಇಡಲಿಲ್ಲ. ನಾವು ಪಂಡಿತರು ಈ ಪದಗಳನ್ನು ಎರವಲು ತಂದು, ತಂದ ಮನೆಯ ವಿಳಾಸ ಮರೆತೆವು. ವೈದೇಹಿಯವರ ಒಂದು ಕವಿತೆಯಲ್ಲಿ ಕಾವ್ಯ ಬಲ್ಲವರ ಎದುರು ತಿಳಿಸಾರು ಬಲ್ಲ ಹೆಣ್ಣೊಬ್ಬಳು ನಿಂತು ಮಾತನಾಡುತ್ತಾಳೆ. ಅದನ್ನು ಮೊದಲು ಓದಿದಾಗ ಚಮತ್ಕಾರವೆಂದುಕೊಂಡಿದ್ದೆ. ಈಗ ಓದಿದರೆ ಮರೆತ ಸಾಲವನ್ನು ವಿನಯದಿಂದಲೇ ನೆನಪಿಸಿದಂತೆ ಕೇಳಿಸುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಬೀಸುವ ಕಲ್ಲು ಹೋಯಿತು, ಹಾಡು ಹೋಯಿತು, ಆ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವುದು ನಮ್ಮ ಸಮ್ಮೇಳನಗಳ ಭಾಷಣಗಳಲ್ಲಿ ಒಂದು ಪದ್ಧತಿಯಾಗಿದೆ. ನಾನೂ ಬಿಟ್ಟಿದ್ದೇನೆ. ಒಮ್ಮೆ ಅದೇ ಆಯಿಯ ಎದುರಿಗೆ ಬಿಟ್ಟೆ.

“ಊರಿಗೆ ಗಿರಣಿ ಬಂದ ದಿನ ನಾ ಏನೂ ಅತ್ತಿಲ್ಲ ಮಾಸ್ತರ. ರಟ್ಟಿ ಉಳದ್ವು ಅಂತ ದೇವರಿಗೆ ಕಾಯಿ ಒಡಿಸೀನಿ. ಹಾಡ ಹೋತಂತ ಅಳಾವ್ರು ನೀವು, ಓದಿದಾವ್ರು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರ ಹಾಡ ಚೊಲೋ ಇದ್ವು ಬಿಡ್ರಿ” ಎಂದೂ ಸೇರಿಸಿದರು.

ಈ ಎರಡು ಮಾತುಗಳನ್ನೂ ಕೂಡಿಸಿ ಹಿಡಿಯಬಲ್ಲ ವಿಮರ್ಶೆ ನಮಗೆ ಬೇಕು. ಬೀಸುವುದು ಕಷ್ಟವಾಗಿತ್ತು, ಹಾಡುವುದು ಸುಖವಾಗಿತ್ತು. ಆ ಸುಖ ಆ ಕಷ್ಟದ ನಡುವೆಯೇ ಅವರು ತಮಗಾಗಿ ಮಾಡಿಕೊಂಡದ್ದು. ಕಷ್ಟವನ್ನಷ್ಟೇ ಕಂಡರೆ ಅವರ ಪ್ರತಿಭೆಗೆ ಅನ್ಯಾಯ. ಸುಖವನ್ನಷ್ಟೇ ಕಂಡರೆ ಅವರ ರಟ್ಟೆಗೆ ಅನ್ಯಾಯ. ಮನೆಮನೆಗೆ ಕೌದಿ ಹೊಲಿಯುತ್ತಲೇ ಇರಬೇಕೆಂದು ನಾನು ಹೇಳುವುದಿಲ್ಲ. ಸೊಲ್ಲಾಪುರದ ಚಾದರಗಳಿಗೆ ಹೆಸರಾದ ಜಿಲ್ಲೆ ನಮ್ಮದು, ಹೊದೆಯಲು ಕೊರತೆಯಿಲ್ಲ. ಆದರೆ ಕೌದಿಯನ್ನು ನೋಡುವ ಕಣ್ಣು ಉಳಿಯಬೇಕು. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿಯ ತುಂಡು ಒಂದೇ ಹಾಸಿನಲ್ಲಿ ಸೇರಿ, ಸಾವಿರಾರು ಸಣ್ಣ ಹೊಲಿಗೆಗಳಿಂದ ಒಂದಾಗಲು ತಿಂಗಳು ಬೇಕಾಗುತ್ತದೆ. ಕೊನೆಯ ಮೂಲೆ ಮುಚ್ಚುವ ಮೊದಲು ನನ್ನ ತಾಯಿ ಅದರೊಳಗೆ ನಾಲ್ಕು ಕಾಳು ಜೋಳ ಹಾಕುತ್ತಿದ್ದರು, ಕೌದಿ ಹಸಿದಿರಬಾರದೆಂದು. ‘ಗರತಿಯ ಹಾಡು’ ಕೂಡ ಹೀಗೆ ಕೂಡಿಸಿದ ಒಂದು ಕೌದಿಯೇ. ಹೊಲಿದ ಹೆಂಗಳೆಯರಲ್ಲಿ ಬಹುಮಂದಿಯ ಹೆಸರು ನಮಗೆ ತಿಳಿಯದು. ಹಲಸಂಗಿಯ ಗೆಳೆಯರು ಅದನ್ನು ಮಡಿಚಿ ಕಾಪಾಡಿ ಕೊಟ್ಟರು.

ಗಡಿನಾಡಿನ ನಮಗೆ ಇದು ಬರಿಯ ಸಾಹಿತ್ಯ ವಿಚಾರವಲ್ಲ. ನಮ್ಮ ಮಕ್ಕಳು, ಮೊಮ್ಮಕ್ಕಳು ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷ್ ಕಲಿಯುತ್ತಾರೆ. ಕಚೇರಿ, ಪೇಟೆ, ಬಸ್ ನಿಲ್ದಾಣಗಳಲ್ಲಿ ಮರಾಠಿ ನಡೆಯುತ್ತದೆ. ಕನ್ನಡಕ್ಕೆ ಉಳಿದ ಜಾಗ ಮನೆಯ ಒಳಭಾಗ, ಅದರಲ್ಲಿಯೂ ಅಡುಗೆಮನೆ. ಪುಣೆಯಿಂದ ರಜೆಗೆ ಬರುವ ನನ್ನ ಮೊಮ್ಮಗನಿಗೆ ಕನ್ನಡದ ಪಠ್ಯಪುಸ್ತಕ ಓದಲು ಬಾರದು. ಆದರೆ ಹೋದ ಯುಗಾದಿಗೆ ಅಜ್ಜಿಯ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯಲು ಕಲಿತ. ‘ಎಸರು’, ‘ಜಿಗಿ’, ‘ಹದ’, ‘ಹಂಚು’ ಎಂಬ ಮಾತುಗಳು ಅವನ ಬಾಯಿಗೆ ಬಂದವು. ಅವನ ಮೊದಲ ರೊಟ್ಟಿ ಒಡೆದು ಮೂರು ಹೋಳಾಯಿತು. “ಆಯಿ, ಹದ ತಪ್ಪಿತು” ಎಂದ. ನಾನು ನಾಲ್ಕು ವರ್ಷ ಪ್ರಯತ್ನಿಸಿ ಕಲಿಸಲಾರದ ಕನ್ನಡವನ್ನು ಒಂದು ಹಂಚು ಒಂದು ಬೆಳಗಿನಲ್ಲಿ ಕಲಿಸಿತು.

ಆದ್ದರಿಂದ ಸಂಘದ ಕಾರ್ಯಕರ್ತರಲ್ಲಿ ಒಂದು ವಿನಂತಿ. ಪ್ರತಿ ಸಮ್ಮೇಳನದಲ್ಲಿ ಜಾನಪದ ಗೋಷ್ಠಿ ಇರುತ್ತದೆ. ಅಲ್ಲಿ ನಮ್ಮಂಥ ನಿವೃತ್ತರು ಪ್ರಬಂಧ ಓದುತ್ತೇವೆ, ಕೊನೆಗೆ ಸಮಯವಿದ್ದರೆ ಹೆಣ್ಣುಮಕ್ಕಳು ಎರಡು ಪದ ಹಾಡುತ್ತಾರೆ. ಮುಂದಿನ ಸಲ ಈ ಕ್ರಮವನ್ನು ತಿರುವಿ ಹಾಕೋಣ. ಪದ ಬಲ್ಲ ಆಯಿಯಂದಿರು ಇನ್ನೂ ಕೆಲವರಿದ್ದಾರೆ. ಅವರನ್ನು ಕರೆದು, ಹಾಡಿಸಿ, ಯಾವ ಕೆಲಸದಲ್ಲಿ ಯಾವ ಹೊತ್ತಿನಲ್ಲಿ ಇದನ್ನು ಹಾಡುತ್ತಿದ್ದಿರಿ ಎಂದು ಕೇಳೋಣ. ಅವರು ಹೇಳಿದ್ದನ್ನು ದಾಖಲಿಸೋಣ. ಎದುರಿಗೆ ಒಂದು ಬೀಸುವ ಕಲ್ಲು ಇಡುವುದನ್ನು ಮರೆಯಬಾರದು. ಕೈ ತಿರುಗದಿದ್ದರೆ ನುಡಿ ನೆನಪಾಗುವುದಿಲ್ಲ. ಪ್ರಬಂಧ ಓದುವ ನಮಗೆ ಸಮಯ ಉಳಿದರೆ ಐದು ನಿಮಿಷ ಸಾಕು.

ಆ ಮಧ್ಯಾಹ್ನದ ಮಾತಿಗೆ ಮರಳಿ ಮುಗಿಸುತ್ತೇನೆ. ಪುಸ್ತಕ ತೆರೆದು ಕುಳಿತ ನನ್ನನ್ನು ನೋಡಿ ಆಕೆ, “ಮನಸಿನಾಗ ಓದಬ್ಯಾಡ್ರಿ, ಕೇಳೂಹಂಗ ಓದ್ರಿ. ಮೊದಲ ಈ ಸೂಜಿಗೆ ದಾರ ಪೋಣಿಸಿ ಕೊಡ್ರಿ, ನನಗ ಕಾಣವಲ್ಲದು” ಎಂದರು.

ಕನ್ನಡಕ ಸರಿಪಡಿಸಿಕೊಂಡು ದಾರ ಪೋಣಿಸಲು ನನಗೆ ನಾಲ್ಕು ಸಲ ಬೇಕಾಯಿತು. ಆಮೇಲೆ ಗಟ್ಟಿಯಾಗಿ ಓದತೊಡಗಿದೆ. ಎರಡನೆಯ ಸಾಲು ಬಂದಾಗ ಆಕೆ ತಲೆಯೆತ್ತದೆ, ಸೂಜಿಯನ್ನು ನಿಲ್ಲಿಸದೆ, ಅದನ್ನು ಮತ್ತೊಮ್ಮೆ ಹೇಳಿದರು. ನಾನು ಕಾದು, ಮೂರನೆಯ ಸಾಲನ್ನು ಓದಿದೆ. ಸಂಜೆಯ ಚಹಾದ ಹೊತ್ತಿನವರೆಗೆ ಹೀಗೆಯೇ ನಡೆಯಿತು. ಅಂದು ಚಹಾ ಮಾಡಿದವನು ನಾನು. ಸಕ್ಕರೆ ಹೆಚ್ಚಾಗಿತ್ತು ಎಂಬ ವಿಮರ್ಶೆಯನ್ನು ಒಪ್ಪಿಕೊಂಡಿದ್ದೇನೆ.